ಲೈವ್ ಹಿಪ್ ಹಾಪ್ ಆಲ್ಬಮ್: ಅಭಿಮಾನಿಗಳ ದೂರನ್ನು ಫೇಡರ್‌ಗೆ ಇಳಿಸುವ ಬಗೆ (ನನ್ನ ಅನುಭವ)

‘ಜನರ ಕೂಗೇ ಇಲ್ಲ, ಖಾಲಿ ಹಾಲ್‌ನಲ್ಲಿ ರೆಕಾರ್ಡ್ ಮಾಡಿದ ಹಾಗಿದೆ’ ಅನ್ನುತ್ತಾರೆ ಒಬ್ಬರು. ‘ಕೂಗಾಟದಲ್ಲಿ ಒಂದು ಸಾಲೂ ಕಿವಿಗೆ ಬೀಳಲಿಲ್ಲ’ ಅನ್ನುತ್ತಾರೆ ಇನ್ನೊಬ್ಬರು. ಎರಡೂ ಒಂದೇ ಆಲ್ಬಮ್ ಬಗ್ಗೆ, ಕೆಲವೊಮ್ಮೆ ಒಂದೇ ಹಾಡಿನ ಬಗ್ಗೆ. ಇದನ್ನು ಓದಿದ ಮಿಕ್ಸಿಂಗ್‌ನವರು (ಬೇರೆ ಬೇರೆ ಮೈಕ್‌ಗಳ ಸದ್ದನ್ನು ಹದವಾಗಿ ಬೆರೆಸುವವರು) ‘ಎಷ್ಟು ಮಾಡಿದರೂ ಇವರಿಗೆ ಸಾಲದು’ ಎಂದು ಬದಿಗಿಟ್ಟುಬಿಡುತ್ತಾರೆ. ನಾನು ಬದಿಗಿಡುವುದಿಲ್ಲ. ಇಬ್ಬರ ಕಿವಿಯೂ ಸರಿಯಾಗಿಯೇ ಇದೆ. ಜನರ ಕಡೆ ಇಟ್ಟ ಮೈಕ್‌ಗಳ ಫೇಡರನ್ನು (ಸದ್ದಿನ ಮಟ್ಟ ಏರಿಸಿ ಇಳಿಸುವ ಜಾರುಗುಂಡಿಯನ್ನು) ಒಂದೇ ಮಟ್ಟದಲ್ಲಿ ನಿಲ್ಲಿಸಿ ಇಡೀ ಆಲ್ಬಮ್ ಮುಗಿಸಿದರೆ ಆಗುವುದೇ ಹೀಗೆ: ವರ್ಸ್ (ರ್‍ಯಾಪ್ ಸಾಲುಗಳ ಭಾಗ) ನಡೆಯುವಾಗ ಗದ್ದಲ ಹೆಚ್ಚು, ರ್‍ಯಾಪರ್ ಸಾಲನ್ನು ಅರ್ಧಕ್ಕೆ ಬಿಟ್ಟು ಜನ ಅದನ್ನು ಮುಗಿಸಿಕೊಡುವ ಗಳಿಗೆಯಲ್ಲಿ ಕಡಿಮೆ. ದೂರು ಎರಡು, ತಪ್ಪು ಒಂದೇ.

ಲೈವ್ ಆಲ್ಬಮ್ ಮಿಕ್ಸ್‌ಗೆ ಕೂರುವ ಮುಂಚೆ ನಾನು ಮಾಡುವ ಮೊದಲ ಕೆಲಸ, ಆ ಕಲಾವಿದರ ಹಿಂದಿನ ಲೈವ್ ರೆಕಾರ್ಡಿಂಗ್‌ಗಳ ಬಗ್ಗೆ ಅಭಿಮಾನಿಗಳು ಹೇಳಿದ್ದನ್ನು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿ ಬರೆದುಕೊಳ್ಳುವುದು: ಹಾಡು, ನಿಮಿಷ-ಸೆಕೆಂಡ್, ಅವರು ಹೇಳಿದ ಮಾತು, ಅದು ಯಾವ ಚಾನೆಲ್‌ಗೆ (ಯಾವ ಮೈಕ್ ಅಥವಾ ವಾದ್ಯದ ದಾರಿಗೆ) ಸೇರಿದ್ದು. ನಾಲ್ಕನೆಯದನ್ನು ತುಂಬುವುದೇ ಕಷ್ಟ. ‘ಜೀವ ಇಲ್ಲ’, ‘ಚಪ್ಪಟೆಯಾಗಿದೆ’ ಎಂಬ ಮಾತುಗಳನ್ನು ಹಾಗೆಯೇ ಬಿಡುವ ಹಾಗಿಲ್ಲ, ಆ ಜಾಗಕ್ಕೆ ಹೋಗಿ ಕೇಳಬೇಕು. ಹತ್ತರಲ್ಲಿ ಏಳೆಂಟು ಸಲ ಅಲ್ಲಿ ಸಿಗುವುದು ಈ ಮೂರರಲ್ಲಿ ಒಂದು: ರೆಕಾರ್ಡ್ ಆದ ದನಿಯ ಮೇಲೆ ರ್‍ಯಾಪರ್ ಬಾಯಿ ಆಡಿಸುತ್ತಿರುವುದು, ಜನರ ದನಿ ಬೀಟ್‌ಗಿಂತ ಹಿಂದೆ ಬೀಳುತ್ತಿರುವುದು, ಮೈಕಿನ ಜಾಲರಿ ಅಂಗೈಯಲ್ಲಿ ಮುಚ್ಚಿಹೋಗಿರುವುದು.

ಶೋಗೆ ಬಂದಿದ್ದವರ ಮಾತನ್ನೂ ಬರದವರ ಮಾತನ್ನೂ ಬೇರೆ ಬೇರೆ ಇಡುತ್ತೇನೆ. ಬಂದಿದ್ದವರ ಎದೆಯಲ್ಲಿ ಆ ದಿನದ ಸಬ್‌ವೂಫರ್ ಇನ್ನೂ ಗುದ್ದುತ್ತಿರುತ್ತದೆ. ಯಾವ ಇಯರ್‌ಫೋನೂ ಅದನ್ನು ಕೊಡುವುದಿಲ್ಲ. ಹಾಗಾಗಿ ‘ಬೇಸ್ ಸಾಲದು’ ಎಂಬ ಅವರ ದೂರಿಗೆ ಅರ್ಧ ತೂಕ. ಬರದವರು ಹೋಲಿಸುವುದು ಸ್ಟುಡಿಯೋ ಹಾಡಿನ ಜೊತೆ. ಅದರಲ್ಲಿ ಇಲ್ಲದ್ದೇನು ಇಲ್ಲಿದೆ ಎಂದು ಅವರು ಹುಡುಕುತ್ತಾರೆ. ಈ ಪ್ರಶ್ನೆಗೆ ಪೂರ್ತಿ ತೂಕ. ವಾದ್ಯ ನುಡಿಸುವ ಹಿಪ್ ಹಾಪ್ ತಂಡ ‘ದಿ ರೂಟ್ಸ್’ನ 1999ರ ಲೈವ್ ಆಲ್ಬಮ್ ‘ದಿ ರೂಟ್ಸ್ ಕಮ್ ಅಲೈವ್’ ಅನ್ನು ಜನ ಇವತ್ತಿಗೂ ಎತ್ತಿ ಹೇಳುವುದಕ್ಕೆ ಕಾರಣ ಇಲ್ಲೇ ಇದೆ. ‘ಯು ಗಾಟ್ ಮಿ’ ಹಾಡಿನ ಹುಕ್ಕನ್ನು (ಮತ್ತೆ ಮತ್ತೆ ಬರುವ ಪಲ್ಲವಿಯನ್ನು) ಸ್ಟುಡಿಯೋದಲ್ಲಿ ಹಾಡಿದವರು ಎರಿಕಾ ಬಾಡು. ಲೈವ್‌ನಲ್ಲಿ ಹಾಡಿದವರು, ಆ ಹಾಡು ಬರೆಯುವುದರಲ್ಲಿ ಕೈಯಿದ್ದ ಜಿಲ್ ಸ್ಕಾಟ್. ಕೇಳುಗರಿಗೆ ಎರಡು ಹಾಡು ಸಿಕ್ಕಂತಾಯಿತು. 2001ರ ಜೇ-ಝೀ ‘ಅನ್‌ಪ್ಲಗ್ಡ್’ ಆಲ್ಬಮ್‌ನಲ್ಲೂ ಅಷ್ಟೇ, ಸ್ಯಾಂಪಲ್‌ಗಳ (ಬೇರೆ ರೆಕಾರ್ಡುಗಳಿಂದ ಎತ್ತಿದ ತುಣುಕುಗಳ) ಮೇಲೆ ನಿಂತ ಬೀಟ್‌ಗಳನ್ನು, ಅಂದರೆ ಹಾಡಿನ ಹಿನ್ನೆಲೆ ಸಂಗೀತವನ್ನು, ಅದೇ ರೂಟ್ಸ್ ತಂಡ ಕೈಯಲ್ಲಿ ನುಡಿಸಿತು.

ಹಿಪ್ ಹಾಪ್ ಕೇಳುಗರಿಗೆ ಜನರ ದನಿ ಇಷ್ಟು ಮುಖ್ಯವಾಗಲು ಹಳೆಯ ಕಾರಣವೊಂದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್, ಹಿಪ್ ಹಾಪ್‌ನ ಹುಟ್ಟು ಎಂದು ಎಣಿಸುವ ಪಾರ್ಟಿ ನಡೆಸಿದ್ದು 1973ರ ಆಗಸ್ಟ್ 11ರಂದು. ರ್‍ಯಾಪ್ ಹಾಡು ತಟ್ಟೆಯಾಗಿ ಅಂಗಡಿಗೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಈ ಸಂಗೀತ ಇದ್ದದ್ದು ಪಾರ್ಟಿಗಳಲ್ಲಿ ಮತ್ತು ಕ್ಯಾಸೆಟ್‌ಗಳಲ್ಲಿ. 1981ರ ಡಿಸೆಂಬರಿನಲ್ಲಿ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನಲ್ಲಿ ರ್‍ಯಾಪರ್‌ಗಳಾದ ಕೂಲ್ ಮೋ ಡೀ ಮತ್ತು ಬಿಝಿ ಬೀ ಎದುರಾಬದುರಾದದ್ದು ಊರೂರಿಗೆ ತಲುಪಿದ್ದೂ ಕ್ಯಾಸೆಟ್ಟಿನಿಂದಲೇ. ಅಂಥ ಟೇಪ್‌ಗಳಲ್ಲಿ ಬೀಟ್ ಒಡೆದಿರುತ್ತದೆ, ಬೇಸ್ ಇರುವುದೇ ಇಲ್ಲ, ಆದರೆ ಯಾವ ಸಾಲಿಗೆ ಜನ ಎದ್ದು ಕೂಗಿದರು ಎನ್ನುವುದು ಸ್ಪಷ್ಟ. ಒಂದು ಸಾಲು ‘ಹೊಡೆಯಿತೋ’ ಇಲ್ಲವೋ ಎಂದು ತೀರ್ಪು ಕೊಡುವುದು ಆ ಕೂಗು. ಅದನ್ನು ತೆಗೆದುಬಿಟ್ಟರೆ ಲೈವ್ ಆಲ್ಬಮ್ ಕೆಟ್ಟ ಸ್ಟುಡಿಯೋ ಆಲ್ಬಮ್ ಆಗುತ್ತದೆ.

ಆ ಕೂಗನ್ನು ಹಿಡಿಯುವ ಕೆಲಸ ರೆಕಾರ್ಡಿಂಗ್ ದಿನವೇ ಆಗಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಬೇರೆ ಶೋದ ಚಪ್ಪಾಳೆ ತಂದು ಅಂಟಿಸುವವರಿದ್ದಾರೆ. ಅಭಿಮಾನಿ ಎರಡನೇ ಕೇಳಿಕೆಯಲ್ಲೇ ಹಿಡಿಯುತ್ತಾನೆ, ಏಕೆಂದರೆ ಆ ಚಪ್ಪಾಳೆ ಯಾವ ಸಾಲಿಗೂ ಉತ್ತರ ಕೊಡುವುದಿಲ್ಲ. ಜನರಿಗಾಗಿಯೇ ಕನಿಷ್ಠ ನಾಲ್ಕು ಮೈಕ್ ಬೇಕು. ಎರಡು ವೇದಿಕೆಯ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಮುಖ ಜನರ ಕಡೆ, ಬೆನ್ನು ರ್‍ಯಾಪರ್ ಕಡೆ. ಮುಖ್ಯ ಸ್ಪೀಕರ್‌ಗಳ ಸಾಲಿಗಿಂತ ಇವು ಹಿಂದಿರಬೇಕು, ಮುಂದೆ ಇಟ್ಟರೆ ಸ್ಪೀಕರ್ ಸದ್ದೇ ತುಂಬಿಕೊಳ್ಳುತ್ತದೆ. ಇನ್ನೆರಡು ಮಿಕ್ಸಿಂಗ್ ಡೆಸ್ಕ್ ಹತ್ತಿರ, ಜನರ ತಲೆಗಿಂತ ಒಂದು ಮೀಟರ್ ಮೇಲೆ. ಸ್ಟ್ಯಾಂಡ್ ಡೆಸ್ಕಿನ ಟೇಬಲ್‌ಗೆ ತಾಗಬಾರದು. ತಾಗಿದರೆ ಎಂಜಿನಿಯರ್ ಇಟ್ಟ ನೀರಿನ ಬಾಟಲಿಯ ಸದ್ದೂ ಆಲ್ಬಮ್‌ನಲ್ಲಿ ಬರುತ್ತದೆ.

ಈಗ ಲೆಕ್ಕ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಮೀಟರಿಗೆ 2.9 ಮಿಲಿಸೆಕೆಂಡ್. ಡೆಸ್ಕ್ 25 ಮೀಟರ್ ದೂರ ಇದ್ದರೆ ಅಲ್ಲಿನ ಮೈಕ್‌ಗೆ ಬೀಟ್ ತಲುಪುವುದು 73 ಮಿಲಿಸೆಕೆಂಡ್ ತಡವಾಗಿ. ಅಲ್ಲಿ ನಿಂತವರು ಆ ತಡವಾದ ಬೀಟ್‌ಗೇ ಕೈ ತಟ್ಟುತ್ತಾರೆ. ಅದೇ ಚಪ್ಪಾಳೆ ವಾಪಸ್ ವೇದಿಕೆ ಅಂಚಿನ ಮೈಕ್‌ಗೆ ಬರುವಾಗ ಇನ್ನೊಂದು 73 ಸೇರಿ 146 ಮಿಲಿಸೆಕೆಂಡ್ ಆಗುತ್ತದೆ. ನಿಮಿಷಕ್ಕೆ 90 ಬೀಟ್‌ನ ಹಾಡಿನಲ್ಲಿ ಬೀಟ್‌ನ ಕಾಲುಭಾಗ 167 ಮಿಲಿಸೆಕೆಂಡ್. ಚಪ್ಪಾಳೆ ಹೆಚ್ಚುಕಮ್ಮಿ ಕಾಲು ಬೀಟ್ ಹಿಂದೆ ಬಿತ್ತು! ‘ಈ ಜನಕ್ಕೆ ತಾಳವೇ ಗೊತ್ತಿಲ್ಲ’ ಎಂದು ಕೇಳುಗರು ನಗುವುದು ಇದಕ್ಕೇ. ಪಾಪ, ಜನ ಸರಿಯಾಗಿಯೇ ತಟ್ಟಿರುತ್ತಾರೆ.

ಹಾಗಾಗಿ ಡೆಸ್ಕ್ ಹತ್ತಿರದ ಎರಡು ಟ್ರ್ಯಾಕ್‌ಗಳನ್ನು ತಡವಾದಷ್ಟೇ ಮಿಲಿಸೆಕೆಂಡ್ ಮುಂಚಿನ ಸಮಯಕ್ಕೆ ಎಳೆದು ಬೀಟ್‌ಗೆ ಕೂರಿಸುತ್ತೇನೆ. ಅಳತೆ ಟೇಪಿನ ಲೆಕ್ಕವನ್ನು ನಂಬಿ ಎಳೆಯುವುದಿಲ್ಲ. ಶೋ ಶುರುವಾಗುವ ಮುಂಚೆ, ಎಲ್ಲ ಟ್ರ್ಯಾಕ್ ರೆಕಾರ್ಡ್ ಆಗುತ್ತಿರುವಾಗ, ಡಿಜೆ ಕಡೆಯಿಂದ ಒಂದೇ ಒಂದು ಕಿಕ್ ಡ್ರಮ್ ಹೊಡೆಸಿ, ಅದರ ಏಟು ಡಿಜೆ ಟ್ರ್ಯಾಕ್‌ನಲ್ಲೂ ಡೆಸ್ಕಿನ ಟ್ರ್ಯಾಕ್‌ನಲ್ಲೂ ಎಲ್ಲಿ ಬಿದ್ದಿದೆ ಎಂದು ಕಣ್ಣಿಂದ ನೋಡಿ ಜೋಡಿಸುತ್ತೇನೆ. ವೇದಿಕೆ ಅಂಚಿನ ಟ್ರ್ಯಾಕ್‌ಗಳನ್ನು ಎಳೆಯುವುದಿಲ್ಲ. ಅವುಗಳಲ್ಲಿ ಮುಂದಿನ ಸಾಲಿನವರ ದನಿ ಹತ್ತಿರ, ಹಿಂದಿನವರ ದನಿ ದೂರ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಚಪ್ಪಾಳೆಯ ಭಾಗದಲ್ಲಿ ಮಾತ್ರ ಅವನ್ನು 4 ಡೆಸಿಬೆಲ್ ಇಳಿಸಿ ಡೆಸ್ಕಿನ ಜೋಡಿಯನ್ನು ಏರಿಸುವುದು ನನ್ನ ರೂಢಿ.

ನಾಲ್ಕೂ ಟ್ರ್ಯಾಕ್‌ಗಳಲ್ಲಿ 150 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ. ಜನರ ಕೂಗು ಅಲ್ಲಿ ಹೆಚ್ಚೇನೂ ಇಲ್ಲ, ಇರುವುದು ಬಹುಪಾಲು ಹಾಲ್‌ನಲ್ಲಿ ತಿರುಗುವ 808 (ಡ್ರಮ್ ಯಂತ್ರ) ಬೇಸ್‌ನ ಗುಂಯ್. ‘ಬೇಸ್ ಕೆಸರು ಕೆಸರಾಗಿದೆ’ ಎಂಬ ದೂರು ಬಂದರೆ ಬೇಸ್ ಚಾನೆಲ್ ಮುಟ್ಟುವ ಮುಂಚೆ ಇದನ್ನು ನೋಡಬೇಕು. ಬಳಿಕ ಆ ನಾಲ್ಕನ್ನು ಒಂದು ಗುಂಪಿಗೆ ಸೇರಿಸಿ, ರ್‍ಯಾಪರ್ ಬಾಯಿ ತೆರೆದಾಗ 3ರಿಂದ 5 ಡೆಸಿಬೆಲ್ ಇಳಿಯುವ ಹಾಗೆ ಕಂಪ್ರೆಸರ್‌ಗೆ (ಸದ್ದಿನ ಮಟ್ಟವನ್ನು ತಾನಾಗಿ ಇಳಿಸುವ ಸಾಧನಕ್ಕೆ) ಅವರ ದನಿಯನ್ನು ಕೀ ಆಗಿ, ಅಂದರೆ ಯಾವಾಗ ಇಳಿಸಬೇಕೆಂಬ ಸೂಚನೆಯಾಗಿ, ಕೊಡುತ್ತೇನೆ. ಮತ್ತೆ ಏರಲು ಸುಮಾರು 250 ಮಿಲಿಸೆಕೆಂಡ್. ಇದಕ್ಕಿಂತ ಬೇಗ ಏರಿದರೆ ಪ್ರತಿ ಪದದ ನಡುವೆ ಜನ ಉಸಿರಾಡಿದ ಹಾಗೆ ಕೇಳುತ್ತದೆ. ಯಂತ್ರದ ಕೆಲಸ ಇಷ್ಟು. ರ್‍ಯಾಪರ್ ಮೈಕನ್ನು ಜನರ ಕಡೆ ಚಾಚುವ ಗಳಿಗೆಗಳನ್ನು ಕೈಯಾರೆ ಏರಿಸಬೇಕು, ಅದೂ ಜನ ಬಾಯಿ ಬಿಡುವುದಕ್ಕೆ ಅರ್ಧ ಬೀಟ್ ಮೊದಲೇ, 6 ಡೆಸಿಬೆಲ್‌ವರೆಗೆ. ಆ ಉಸಿರು ಎಳೆದುಕೊಳ್ಳುವ ಸದ್ದು ಸಿಕ್ಕಿದರೆ ಕೇಳುಗ ಅಲ್ಲೇ ನಿಂತಿರುತ್ತಾನೆ. ಒಂದು ಗಂಟೆಯ ಶೋನಲ್ಲಿ ಇಂಥ ಜಾಗಗಳು ನೂರಕ್ಕೆ ಕಡಿಮೆ ಇರುವುದಿಲ್ಲ. ಒಂದು ದಿನ ಪೂರ್ತಿ ಇದಕ್ಕೇ ಹೋಗುತ್ತದೆ, ಹೋಗಲಿ.

ಇನ್ನು ಎಲ್ಲಕ್ಕಿಂತ ಕಹಿ ದೂರು: ‘ಹಿಂದೆ ಹಾಡಿನ ಟ್ರ್ಯಾಕ್ ಓಡುತ್ತಿದೆ, ಇವರು ಮೇಲೆ ಕೂಗುತ್ತಿದ್ದಾರೆ ಅಷ್ಟೇ.’ ನನ್ನ ಮಟ್ಟಿಗೆ ಇದಕ್ಕೆ ಕ್ಷಮೆ ಇಲ್ಲ, ಅಭಿಮಾನಿಗಳ ಕೋಪ ನ್ಯಾಯವಾದದ್ದು. ಆದರೆ ಹಿಂದೆ ಓಡುವ ಟ್ರ್ಯಾಕ್‌ಗಳಲ್ಲಿ ಮೂರು ಬಗೆ ಇವೆ ಎಂಬುದನ್ನು ಬಿಡಿಸಿ ನೋಡಬೇಕು. ಒಂದು, ಬರೀ ಬೀಟ್. ಎರಡು, ಬೀಟ್ ಜೊತೆ ಹುಕ್ ಮತ್ತು ಆ್ಯಡ್-ಲಿಬ್‌ಗಳು (ಸಾಲುಗಳ ನಡುವೆ ಹಾಕುವ ಚಿಕ್ಕ ಕೂಗುಗಳು) ಇರುವ ಶೋ ಟ್ರ್ಯಾಕ್. ಮೂರು, ಮುಖ್ಯ ದನಿ ಸಮೇತ ಇಡೀ ಹಾಡು. ಎರಡನೆಯದಕ್ಕೆ ಹೆಚ್ಚಿನವರ ತಕರಾರಿಲ್ಲ. ಹುಕ್ ಹಾಡಿದ ಅತಿಥಿ ಪ್ರತಿ ಊರಿಗೂ ಬರಲಾಗುವುದಿಲ್ಲ ಎಂದು ಅವರಿಗೂ ಗೊತ್ತು. ಮೂರನೆಯದು ಕಿವಿಗೆ ಸಿಗುವ ಗುರುತು ಸುಲಭ: ಪ್ರತಿ ಪದಕ್ಕೂ ಎರಡು ಅಂಚು ಕೇಳುತ್ತದೆ, ‘ಟ’ ‘ಕ’ ಅಕ್ಷರಗಳು ಜೋಡಿಯಾಗಿ ಬೀಳುತ್ತವೆ, ಮತ್ತು ರ್‍ಯಾಪರ್ ಉಸಿರಿಗೆ ನಿಂತಾಗಲೂ ಸಾಲು ಮುಂದುವರಿಯುತ್ತದೆ.

ತಡೆಯುವ ಉಪಾಯ ಡಿಜೆಯ ಟೇಬಲ್ಲಿನಲ್ಲಿದೆ. ಸಾಮಾನ್ಯವಾಗಿ ಡಿಜೆ ಮಿಕ್ಸರಿನಿಂದ ಒಂದು ಸ್ಟೀರಿಯೋ ಜೋಡಿ ಮಾತ್ರ ಬರುತ್ತದೆ, ಅದರಲ್ಲಿ ಬೀಟ್, ಹುಕ್, ಸ್ಕ್ರ್ಯಾಚ್ (ತಟ್ಟೆಯನ್ನು ಹಿಂದೆ ಮುಂದೆ ಉಜ್ಜಿ ತೆಗೆಯುವ ಸದ್ದು) ಎಲ್ಲ ಕಲಸಿಹೋಗಿರುತ್ತದೆ. ನಾನು ಕೇಳುವುದು ಆರು ದಾರಿ: ಬೀಟ್‌ಗೆ ಎರಡು, ಹುಕ್ ಮತ್ತು ಆ್ಯಡ್-ಲಿಬ್‌ಗೆ ಎರಡು, ಸ್ಕ್ರ್ಯಾಚ್‌ಗೆ ಎರಡು. ಅಷ್ಟು ಔಟ್‌ಪುಟ್ ಇರುವ ಸೌಂಡ್ ಕಾರ್ಡ್ ಇಲ್ಲದಿದ್ದರೆ ನಾಲ್ಕಾದರೂ ಸಾಕು, ದನಿ ಬೇರೆ ಬಂದರೆ ಆಯಿತು. ಬರೀ ಎರಡೇ ಸಿಕ್ಕಿದ್ದರೆ ಕೊನೆಯ ದಾರಿ, ಆ ಹಾಡಿನ ದನಿ ಇಲ್ಲದ ಬೀಟ್ ಫೈಲನ್ನು ತರಿಸಿಕೊಂಡು ಡಿಜೆ ಟ್ರ್ಯಾಕಿನ ಜಾಗದಲ್ಲಿ ಕೂರಿಸುವುದು, ಸ್ಕ್ರ್ಯಾಚ್ ಮತ್ತು ರಿವೈಂಡ್ ಇರುವ ಕಡೆ ಮಾತ್ರ ಮೂಲಕ್ಕೆ ಮರಳುವುದು. ಇಲ್ಲಿ ಕೈ ಕೊಡುವುದು ಪಿಚ್ ಫೇಡರ್, ಅಂದರೆ ಹಾಡಿನ ವೇಗ ಬದಲಿಸುವ ಡಿಜೆಯ ಜಾರುಗುಂಡಿ. ಅದು ಬರೀ 0.5 ಶೇಕಡಾ ಸರಿದಿದ್ದರೂ ಮೂರು ನಿಮಿಷದ ಹಾಡಿನ ಕೊನೆಗೆ 0.9 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಮೊದಲ ಕಿಕ್ ಮತ್ತು ಕೊನೆಯ ಕಿಕ್ ನಡುವಿನ ಅಂತರ ಅಳೆದು ಫೈಲನ್ನು ಅಷ್ಟಕ್ಕೆ ಎಳೆದುಕೊಂಡ ಮೇಲೇ ಕತ್ತರಿ ಹಿಡಿಯಬೇಕು. ಕಲಾವಿದರ ಒಪ್ಪಿಗೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ಈ ಮಾತು ತೆಗೆದಾಗ ಕೆಲವರ ಮುಖ ಗಂಟಿಕ್ಕುವುದೂ ಉಂಟು.

ಟರ್ನ್‌ಟೇಬಲ್ ಇರುವ ಶೋನಲ್ಲಿ ಇನ್ನೊಂದು ಕಾಟ. ಸಬ್‌ವೂಫರ್‌ನ ಕಂಪನ ವೇದಿಕೆಯ ಹಲಗೆಯಿಂದ ಟೇಬಲ್ಲಿಗೆ, ಅಲ್ಲಿಂದ ಸೂಜಿಗೆ ಹತ್ತಿ ಒಂದು ತಳದ ಗುಂಯ್ ಬೆಳೆಯುತ್ತಾ ಹೋಗುತ್ತದೆ. ಟೇಬಲ್ ಕಾಲಡಿ ದಪ್ಪ ರಬ್ಬರ್ ಇಟ್ಟು, ಸ್ಕ್ರ್ಯಾಚ್ ಚಾನೆಲ್‌ನಲ್ಲಿ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿದರೆ ನಿಲ್ಲುತ್ತದೆ.

ದನಿಗೆ ಬರೋಣ. ‘ಮಾತು ಅರ್ಥವಾಗುವುದಿಲ್ಲ’ ಎಂದರೆ ಎಲ್ಲರೂ ದನಿಯ ಮಟ್ಟ ಏರಿಸುತ್ತಾರೆ. ಬಹುಪಾಲು ಸಲ ಮಟ್ಟ ಸರಿಯೇ ಇರುತ್ತದೆ, ಕೈ ತಪ್ಪಾಗಿರುತ್ತದೆ. ಶೂರ್ ಎಸ್‌ಎಂ58ನಂಥ ಕಾರ್ಡಿಯಾಯ್ಡ್ ಮೈಕು ಹಿಂದಿನ ಸದ್ದನ್ನು ತಳ್ಳುವುದು ಕ್ಯಾಪ್ಸೂಲಿನ ಹಿಂಬದಿಯ ಕಿಂಡಿಗಳ ಸಹಾಯದಿಂದ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿದಾಗ ಆ ಕಿಂಡಿಗಳು ಮುಚ್ಚಿ, ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಜೊತೆಗೆ ಅಂಗೈಯ ಬೋಗುಣಿಯಿಂದ 1ರಿಂದ 2 ಕಿಲೋಹರ್ಟ್ಜ್ ನಡುವೆ ಒಂದು ಗೂಡುದನಿ ಏಳುತ್ತದೆ. ಇಡೀ ಹಾಡಿಗೆ ಅಲ್ಲಿ ಕತ್ತರಿಸಿದರೆ ಕೈ ಸರಿಯಾಗಿ ಹಿಡಿದ ಸಾಲುಗಳು ತೆಳ್ಳಗಾಗುತ್ತವೆ. ಹಾಗಾಗಿ ಡೈನಾಮಿಕ್ ಇಕ್ಯೂ ಬಳಸಿ, ಆ ಗೂಡುದನಿ ಎದ್ದಾಗ ಮಾತ್ರ 4 ಡೆಸಿಬೆಲ್ ಇಳಿಯುವಂತೆ ಇಡುತ್ತೇನೆ. ವಿಡಿಯೋ ಇದ್ದರೆ ಪಕ್ಕದಲ್ಲಿ ಹಾಕಿಕೊಳ್ಳುವುದು ಒಳ್ಳೆಯದು. ಯಾವ ಸಾಲಿನಲ್ಲಿ ಕೈ ಜಾರಿತು ಎಂದು ಕಿವಿಗಿಂತ ಬೇಗ ಕಣ್ಣು ಹೇಳುತ್ತದೆ.

ಉಳಿದದ್ದು ಸಾಧಾರಣ: 100 ಹರ್ಟ್ಜ್ ಕೆಳಗೆ ಕತ್ತರಿ, ಎರಡು ಕಂಪ್ರೆಸರ್ ಸಾಲಾಗಿ, ತಲಾ 3-4 ಡೆಸಿಬೆಲ್‌ಗಿಂತ ಹೆಚ್ಚು ಹಿಡಿಯದಂತೆ. ಗೇಟ್ (ಸದ್ದು ಸಣ್ಣದಾದಾಗ ಮೈಕನ್ನು ಪೂರ್ತಿ ಮುಚ್ಚುವ ಸಾಧನ) ಹಾಕಬಾರದು. ಗೇಟ್ ಮುಚ್ಚಿದಾಗ ಆ ಮೈಕಿನೊಳಗೆ ನುಗ್ಗಿದ ಹಾಲ್‌ನ ಸದ್ದೂ ಥಟ್ಟನೆ ಸಾಯುತ್ತದೆ, ತೆರೆದಾಗ ಎದ್ದು ಬರುತ್ತದೆ. ಪೂರ್ತಿ ಮುಚ್ಚದೆ 6 ಡೆಸಿಬೆಲ್ ಮಾತ್ರ ಇಳಿಸುವ ಎಕ್ಸ್‌ಪಾಂಡರ್ ಸಾಕು. ವೇದಿಕೆ ಮೇಲೆ ಎಂಟು ಜನ ಎಂಟು ಮೈಕ್ ಹಿಡಿದಿರುವ ತಂಡವಾದರೆ ಮಾತ್ರ ಕೈಯಾರೆ, ಸಾಲು ಸಾಲಾಗಿ, ಸುಮ್ಮನಿರುವವರ ಮೈಕ್ ಇಳಿಸಲೇಬೇಕು.

ಉಸಿರು ಸಾಲದೆ ನುಂಗಿಹೋದ ಪದಗಳ ಬಗ್ಗೆ ಅಭಿಮಾನಿಗಳು ಉದಾರಿಗಳು. ಏದುಸಿರು ಅವರಿಗೆ ಬೇಕು, ಅದು ಶೋ ನಡೆದದ್ದಕ್ಕೆ ಸಾಕ್ಷಿ. ಆದರೆ ಆರು ಸಾಲು ಕಟ್ಟಿ ತಂದು ಏಳನೆಯದರಲ್ಲಿ ಪಂಚ್ (ಏಟು ಕೊಡುವ ಮಾತು) ನುಂಗಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಗುತ್ತದೆ. ಅಂಥ ಒಂದೆರಡು ಕಡೆ ತೇಪೆ ಹಾಕುವುದನ್ನು ನಾನು ಒಪ್ಪುತ್ತೇನೆ, ಸ್ಟುಡಿಯೋದಲ್ಲಿ ಮತ್ತೆ ಹೇಳಿಸುವುದನ್ನು ಒಪ್ಪುವುದಿಲ್ಲ. ಶಾಂತವಾಗಿ ನಿಂತು ಹೇಳಿದ ಗಂಟಲು ಬೇರೆ, ನಲವತ್ತು ನಿಮಿಷ ಕುಣಿದ ಗಂಟಲು ಬೇರೆ. ಅದೇ ಪ್ರವಾಸದ ಇನ್ನೊಂದು ರಾತ್ರಿಯ ಅದೇ ಸಾಲನ್ನು ತರುವುದು ಸರಿ; ಇದಕ್ಕಾಗಿಯೇ ಎರಡು ರಾತ್ರಿಯಾದರೂ ರೆಕಾರ್ಡ್ ಮಾಡಿ ಎಂದು ಮೊದಲೇ ಹೇಳಿರುತ್ತೇನೆ. ಡಿಜೆ ಬೀಟ್ ಆದರೆ, ಪಿಚ್ ಫೇಡರ್ ಸರಿಯದಿದ್ದಲ್ಲಿ, ಎರಡೂ ರಾತ್ರಿ ವೇಗ ಒಂದೇ, ಸಾಲು ಸರಿಯಾಗಿ ಕೂರುತ್ತದೆ. ಬ್ಯಾಂಡ್ ಆದರೆ ಹುಷಾರು: ಒಂದು ರಾತ್ರಿ 90, ಮರು ರಾತ್ರಿ 91 ಬೀಟ್ ನುಡಿಸಿದ್ದರೆ ನಾಲ್ಕು ಬೀಟ್‌ನ ಒಂದು ಬಾರ್‌ಗೆ 29 ಮಿಲಿಸೆಕೆಂಡ್ ಜಾರುತ್ತದೆ. ಒಂದು ಬಾರ್ ತೇಪೆ ಗೊತ್ತಾಗುವುದಿಲ್ಲ. ನಾಲ್ಕು ಬಾರ್ ಹಾಕಿದರೆ 117 ಮಿಲಿಸೆಕೆಂಡ್, ಯಾರಿಗಾದರೂ ಗೊತ್ತಾಗುತ್ತದೆ. ತೇಪೆ ಹಾಕಿದ ಕಡೆ ಜನರ ಮೈಕ್‌ಗಳನ್ನು ಮೂಲ ರಾತ್ರಿಯದ್ದೇ ಬಿಡಬೇಕು.

ರೆಕಾರ್ಡಿಂಗ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಒಂದು ಟ್ರ್ಯಾಕ್ ಗಂಟೆಗೆ ಸುಮಾರು 518 ಮೆಗಾಬೈಟ್ ತಿನ್ನುತ್ತದೆ. 32 ಟ್ರ್ಯಾಕ್‌ಗೆ 16.6 ಗಿಗಾಬೈಟ್. ಡಿಸ್ಕಿನಲ್ಲಿ ಇದರ ಮೂರು ಪಟ್ಟು ಜಾಗ, ಬೇರೆ ಯಂತ್ರದಲ್ಲಿ ಇನ್ನೊಂದು ಪ್ರತಿ. ಸಿಗ್ನಲ್ ತೆಗೆದುಕೊಳ್ಳುವುದು ಡೆಸ್ಕಿನ ಫೇಡರ್‌ಗಿಂತ ಮೊದಲೇ, ಇಲ್ಲದಿದ್ದರೆ ಹಾಲ್ ಎಂಜಿನಿಯರ್ ಮಾಡಿದ್ದೆಲ್ಲ ಟ್ರ್ಯಾಕಿನಲ್ಲಿ ಬರುತ್ತದೆ. ಸೌಂಡ್ ಚೆಕ್‌ನಲ್ಲಿ ರ್‍ಯಾಪರ್ ಎಷ್ಟು ಜೋರಾಗಿ ಕೂಗಿದರೂ ಶೋನಲ್ಲಿ ಅದಕ್ಕಿಂತ 6 ಡೆಸಿಬೆಲ್ ಹೆಚ್ಚು ಕೂಗುತ್ತಾರೆ ಎಂದೇ ಲೆಕ್ಕ ಹಿಡಿದು, ಚೆಕ್‌ನಲ್ಲಿ ತುದಿ ಮೈನಸ್ 18 (ಡಿಜಿಟಲ್ ಮಿತಿಗಿಂತ 18 ಡೆಸಿಬೆಲ್ ಕೆಳಗೆ) ದಾಟದಂತೆ ಇಡುತ್ತೇನೆ.

ಹಾಡುಗಳ ನಡುವಿನ ಮಾತು ಅಭಿಮಾನಿಗಳನ್ನು ಎರಡು ಪಾಳಯ ಮಾಡುವ ವಿಷಯ. ಮೊದಲ ಸಲ ಎಲ್ಲರಿಗೂ ಇಷ್ಟ, ಐದನೇ ಸಲ ಅರ್ಧದಷ್ಟು ಜನ ದಾಟಿಸುತ್ತಾರೆ. ಕತ್ತರಿಸಿ ಎಸೆಯುವ ಅಗತ್ಯವಿಲ್ಲ, ಟ್ರ್ಯಾಕ್ ಗುರುತನ್ನು ಎಲ್ಲಿ ಹಾಕುತ್ತೀರಿ ಎನ್ನುವುದರಲ್ಲಿದೆ ಜಾಣತನ. ಮುಂದಿನ ಹಾಡಿನ ಪೀಠಿಕೆಯನ್ನು ಹಿಂದಿನ ಹಾಡಿನ ಬಾಲಕ್ಕೆ ಸೇರಿಸಿ, ಹೊಸ ಟ್ರ್ಯಾಕ್ ಮೊದಲ ಕಿಕ್‌ಗೆ 0.2 ಸೆಕೆಂಡ್ ಮುಂಚೆ ಶುರುವಾಗಲಿ. ಹಾಡು ಆರಿಸಿ ಕೇಳುವವರಿಗೆ ಬೀಟ್ ತಕ್ಷಣ ಸಿಗುತ್ತದೆ, ಉದ್ದಕ್ಕೆ ಕೇಳುವವರಿಗೆ ಏನೂ ತಪ್ಪುವುದಿಲ್ಲ. ಒಂದು ನಿಮಿಷ ದಾಟಿದ ಮಾತಿಗೆ ಬೇರೆ ಟ್ರ್ಯಾಕ್ ಕೊಡುತ್ತೇನೆ. ಸಿಡಿ ಮಾಡುವುದಿದ್ದರೆ ಗುರುತುಗಳು 588 ಸ್ಯಾಂಪಲ್‌ಗಳ (ಇಲ್ಲಿ ಸ್ಯಾಂಪಲ್ ಅಂದರೆ ಡಿಜಿಟಲ್ ಸದ್ದಿನ ಒಂದೊಂದು ಅಳತೆ) ಗಡಿಯಲ್ಲೇ ಬೀಳಬೇಕು. ಸೆಕೆಂಡಿಗೆ 75 ಫ್ರೇಮ್ ಇರುವ ಸಿಡಿಯಲ್ಲಿ ಒಂದು ಫ್ರೇಮಿನ ಅಳತೆ ಅದು. ತಪ್ಪಿದರೆ ಎರಡು ಟ್ರ್ಯಾಕ್ ನಡುವೆ ಜನರ ಗುಂಯ್ ಒಮ್ಮೆ ತುಂಡಾಗಿ ‘ಟಿಕ್’ ಎನ್ನುತ್ತದೆ.

‘ನನ್ನ ಮೆಚ್ಚಿನ ಹಾಡು ಯಾಕಿಲ್ಲ’ ಎಂಬುದಕ್ಕೆ ಮಿಕ್ಸಿಂಗ್ ಕೋಣೆಯಲ್ಲಿ ಉತ್ತರವಿಲ್ಲ. ಡಿಜೆ ಹಾಕಿದ ಬೀಟ್‌ನಲ್ಲಿ ಸ್ಯಾಂಪಲ್ ಇದ್ದರೆ ಮೂಲ ರೆಕಾರ್ಡಿಂಗಿನ ಒಡೆಯರದ್ದೂ ಹಾಡು ಬರೆದವರದ್ದೂ ಅನುಮತಿ ಬೇಕು. ಬ್ಯಾಂಡ್ ಅದನ್ನು ಹೊಸದಾಗಿ ನುಡಿಸಿದರೆ ಮೊದಲನೆಯದು ತಪ್ಪುತ್ತದೆ, ಎರಡನೆಯದು ತಪ್ಪುವುದಿಲ್ಲ.

ಮಾಸ್ಟರಿಂಗ್‌ನಲ್ಲಿ (ಮಿಕ್ಸ್ ಆದ ಮೇಲೆ ಬಿಡುಗಡೆಗೆ ಸಿದ್ಧ ಮಾಡುವ ಕೊನೆಯ ಹಂತದಲ್ಲಿ) ಇಷ್ಟು ಹೊತ್ತು ಕಟ್ಟಿದ್ದೆಲ್ಲ ಕೆಡಬಹುದು. ಸದ್ದಿನ ತುದಿಗಳು ಮಿತಿ ಮೀರದಂತೆ ತಡೆಯುವ ಲಿಮಿಟರ್ 6 ಡೆಸಿಬೆಲ್ ಒತ್ತಿದರೆ ಎರಡು ಕಿಕ್‌ಗಳ ನಡುವಿನ ಖಾಲಿ ಜಾಗದಲ್ಲಿ ಜನರ ಸದ್ದು ಮೇಲೆದ್ದು, ಅಲೆಯ ಹಾಗೆ ಏರಿಳಿಯುತ್ತದೆ. ಅದಕ್ಕೆ ಜನರ ಗುಂಪಿನ ಮಟ್ಟವನ್ನು ಲಿಮಿಟರ್ ಹಾಕಿಕೊಂಡೇ ಕೊನೆಯ ಸಲ ತೀರ್ಮಾನಿಸುತ್ತೇನೆ, ಅದು 2 ಡೆಸಿಬೆಲ್‌ಗಿಂತ ಹೆಚ್ಚು ಒತ್ತದಂತೆ ನೋಡಿಕೊಂಡು. ತುದಿ ಮೈನಸ್ 1. ಹಲವು ಸ್ಟ್ರೀಮಿಂಗ್ ಸೇವೆಗಳು ಹೇಗಿದ್ದರೂ ಮೈನಸ್ 14 ಲಫ್ಸ್ (LUFS, ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಆಸುಪಾಸಿಗೆ ತರುತ್ತವೆ, ಒತ್ತಿ ಜೋರು ಮಾಡಿ ಗಳಿಸುವುದು ಏನೂ ಇಲ್ಲ.

ಬಿಡುಗಡೆಗೆ ಮುಂಚೆ ಎಂಟು ಜನ ಅಭಿಮಾನಿಗಳಿಗೆ ಮೂರು ಹಾಡು ಕೇಳಿಸುತ್ತೇನೆ, ನಾಲ್ವರು ಶೋಗೆ ಬಂದಿದ್ದವರು, ನಾಲ್ವರು ಬರದವರು. ಅವರದ್ದೇ ಇಯರ್‌ಫೋನ್, ಅವರದ್ದೇ ಫೋನ್. ‘ಹೇಗಿದೆ’ ಎಂದು ಕೇಳಿದರೆ ಎಲ್ಲರೂ ‘ಸೂಪರ್’ ಅನ್ನುತ್ತಾರೆ, ಕೆಲಸಕ್ಕೆ ಬಾರದ ಉತ್ತರ. ‘ಎಲ್ಲಿ ದಾಟಿಸಬೇಕು ಅನ್ನಿಸಿತು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕು ಅನ್ನಿಸಿತು’ ಎಂದು ಕೇಳಿ ನಿಮಿಷ ಬರೆಸಿಕೊಳ್ಳುತ್ತೇನೆ. ಎರಡು ಮಿಕ್ಸ್ ಹೋಲಿಸುವುದಿದ್ದರೆ ಎರಡರ ಮಟ್ಟವನ್ನೂ ಅರ್ಧ ಡೆಸಿಬೆಲ್ ಒಳಗೆ ಸಮ ಮಾಡಬೇಕು, ಇಲ್ಲದಿದ್ದರೆ ಜೋರಾಗಿರುವುದೇ ಗೆಲ್ಲುತ್ತದೆ. ಒಂದೇ ಜಾಗವನ್ನು ಮೂವರು ಬರೆದಿದ್ದರೆ ಆ ಹಾಡನ್ನು ಮತ್ತೆ ತೆರೆಯುತ್ತೇನೆ. ಒಬ್ಬರೇ ಬರೆದದ್ದನ್ನು ಹಾಳೆಯಲ್ಲಿ ಗುರುತು ಹಾಕಿ ಮುಂದಿನ ಆಲ್ಬಮ್‌ಗೆ ಇಟ್ಟುಕೊಳ್ಳುತ್ತೇನೆ.